ಹಿಮ್ಮೇಳವನ್ನು ಕೊಲ್ಲುತ್ತಿರುವ ಮಾತು

ಬಯಲಾಟದಲ್ಲಿ ವೇಷ ಚೆನ್ನ, ಕುಣಿತ ಚೆನ್ನ, ಮಾತುಗಾರಿಕೆ ಚೆನ್ನ. ಸಂಗೀತ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಹಿಂದೆ ನಿಂತವರು ಕೂಗುತ್ತಾರೆ, ಮದ್ದಲೆ ಬಡಿಯುತ್ತಾರೆ, ಅಷ್ಟೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ಮಾತು ಹಳೆಯದು. ಹೇಳುವವರು ಕಲೆಯ ಶತ್ರುಗಳೇನಲ್ಲ. ಜಾತ್ರೆಗೆ ಆಟ ಆಡಿಸುವ ಊರ ಹಿರಿಯರು, ಉತ್ಸವಕ್ಕೆ ತಂಡಗಳ ಪಟ್ಟಿ ಮಾಡುವ ಅಧಿಕಾರಿಗಳು, ಕಾಲೇಜಿನ ಮೇಷ್ಟ್ರುಗಳು, ಪಟ್ಟಣದ ಸಂಗೀತ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ರಸಿಕರು ಎಲ್ಲರೂ ಇದನ್ನು ಒಪ್ಪಿಕೊಂಡಿದ್ದಾರೆ. ಎಲ್ಲರೂ ಒಪ್ಪಿದ್ದರಿಂದ ಯಾರೂ ಒರೆಗೆ ಹಚ್ಚಿ ನೋಡಿಲ್ಲ. ಹೀಗೆ ಒರೆಗೆ ಹಚ್ಚದೆ ಒಪ್ಪಿದ ಈ ಒಂದು ಮಾತು ನಮ್ಮ ಸೀಮೆಯ ಬಯಲಾಟವಾದ ದೊಡ್ಡಾಟದ ಹಿಮ್ಮೇಳವನ್ನು ಕಣ್ಣೆದುರಿಗೇ ಕೊಲ್ಲುತ್ತಿದೆ.

ಈ ಮಾತು ಸುಳ್ಳು. ಸುಳ್ಳಾಗಿದ್ದರೂ ಅಪಾಯವಿಲ್ಲದ ಮಾತುಗಳು ಎಷ್ಟೋ ಇರುತ್ತವೆ. ಇದು ಆ ಪೈಕಿ ಸೇರಿದ್ದಲ್ಲ. ಸಂಗೀತವೇ ಅಲ್ಲ ಎಂದಮೇಲೆ ಅದನ್ನು ಕಲಿಸುವ ಗೋಜಿಲ್ಲ, ದಾಖಲಿಸುವ ಹಂಗಿಲ್ಲ, ಅದಕ್ಕೆ ಹಣ ಕೊಡುವ ಪ್ರಶ್ನೆಯಿಲ್ಲ. ಅದು ಸತ್ತರೆ ಅಳುವ ಅಗತ್ಯವೂ ಇಲ್ಲ. ಇಷ್ಟೆಲ್ಲ ಕೈತೊಳೆದುಕೊಳ್ಳುವ ಅವಕಾಶವನ್ನು ಒಂದೇ ಮಾತು ಒದಗಿಸುತ್ತಿದೆ. ಆದ್ದರಿಂದಲೇ ಅದನ್ನು ಬುಡದಿಂದ ಕಿತ್ತೊಗೆಯಬೇಕು.

ಮೊದಲನೆಯ ಆರೋಪ, ಹಿಮ್ಮೇಳ ಬರೀ ಗದ್ದಲ. ಹಾಗೆನ್ನುವವರು ಒಂದು ರಾತ್ರಿ ಅಟ್ಟದ ಪಕ್ಕದಲ್ಲಿ ಕೂತು ಕಿವಿಗೊಟ್ಟಿದ್ದಾರೆಯೇ? ದೊಡ್ಡಾಟದಲ್ಲಿ ಒಂದು ಪದ ಹೇಗೆ ನಡೆಯುತ್ತದೆ ಎಂದು ಅವರು ಹೇಳಲಿ ನೋಡೋಣ. ಪಾತ್ರಧಾರಿ ಪದದ ಮೊದಲ ಸಾಲನ್ನು ಎತ್ತುತ್ತಾನೆ. ಆತನ ದನಿ ಸಾಲಿನ ಕೊನೆ ಮುಟ್ಟುತ್ತಿದ್ದಂತೆ ಹಿಮ್ಮೇಳ ಅದೇ ಸಾಲನ್ನು ಎತ್ತಿಕೊಳ್ಳುತ್ತದೆ. ಸಾರಥಿ, ಹಿಮ್ಮೇಳದ ಹಾಡುಗಾರರು, ಪೇಟಿ ಮಾಸ್ತರ, ಮದ್ದಲೆಯವನು, ತಾಳದವನು ಒಟ್ಟಾಗಿ ಅದನ್ನು ಮತ್ತೆ ಮತ್ತೆ ಹಾಡಿ, ಲಯ ಏರಿಸಿ, ಪಾತ್ರಧಾರಿಯ ಕಾಲಿಗೆ ಕುಣಿತ ಕೊಡುತ್ತಾರೆ. ಮುಕ್ತಾಯದ ಪೆಟ್ಟು ಬಿದ್ದಾಗ ಗುಂಪು ನಿಲ್ಲುತ್ತದೆ. ಒಬ್ಬನ ದನಿ ಮುಂದಿನ ನುಡಿಗೆ ಹೊರಡುತ್ತದೆ. ನುಡಿ ಮುಗಿದರೆ ಮತ್ತೆ ಗುಂಪು, ಮತ್ತೆ ಪಲ್ಲವಿ. ಒಬ್ಬ ಮತ್ತು ಹಲವರ ನಡುವೆ ಈ ಕೊಡು-ಕೊಳ್ಳು ಪದದ ಉದ್ದಕ್ಕೂ ನಡೆಯುತ್ತದೆ. ನಡುವೆ ಕಂದ ಬಂತೆಂದರೆ ತಾಳ ನಿಂತುಹೋಗುತ್ತದೆ. ಪೇಟಿಯ ಶ್ರುತಿಯೊಂದನ್ನು ಹಿಡಿದು ಪಾತ್ರಧಾರಿ ತನ್ನ ಕಂಠಶಕ್ತಿಯನ್ನೆಲ್ಲ ಬಿಚ್ಚಿ, ಮಾತನ್ನು ಎಳೆದು, ಮೇಲಿನ ಷಡ್ಜದಲ್ಲಿ ನಿಂತು ಇಳಿಯುತ್ತಾನೆ. ಆತ ಎಲ್ಲಿ ಇಳಿಯುತ್ತಾನೆಂದು ಮದ್ದಲೆಯವನಿಗೆ ಮೊದಲೇ ತಿಳಿದಿರುವುದಿಲ್ಲ. ಆದರೂ ಇಳಿದ ಕ್ಷಣಕ್ಕೆ ಸರಿಯಾಗಿ ಕೈ ಬೀಳುತ್ತದೆ. ಇದು ಗದ್ದಲವೇ? ಗದ್ದಲದಲ್ಲಿ ಇಂಥ ಕಾಯುವಿಕೆ ಇರುತ್ತದೆಯೇ?

ಇದೇ ವಿನ್ಯಾಸವನ್ನು ಬೇರೆ ದೇಶದಲ್ಲಿ ಕಂಡಾಗ ನಮ್ಮ ಓದಿಕೊಂಡವರು ತಲೆಬಾಗುತ್ತಾರೆ. ಸುಮಾರು 1700ರ ಹೊತ್ತಿಗೆ ಇಟಲಿಯಲ್ಲಿ ಟೊರೆಲ್ಲಿ, ಅಲ್ಬಿನೋನಿ, ಅವರ ಬೆನ್ನಿಗೇ ವಿವಾಲ್ಡಿ ಒಂದು ಸಂಗೀತ ರೂಪವನ್ನು ಗಟ್ಟಿಗೊಳಿಸಿದರು. ಬರೋಕ್ ಕಾಲದ ಏಕವಾದ್ಯ ಕನ್ಚೆರ್ಟೊ ಎಂದು ಅದನ್ನು ಕರೆಯುತ್ತಾರೆ. ಒಂದು ಪಿಟೀಲು ಒಂದು ಕಡೆ, ತಂತಿವಾದ್ಯಗಳ ಮೇಳ ಇನ್ನೊಂದು ಕಡೆ. ಮೊದಲು ಮೇಳವೆಲ್ಲ ಸೇರಿ ಒಂದು ಗಟ್ಟಿ ಭಾಗವನ್ನು ನುಡಿಸುತ್ತದೆ. ಅದಕ್ಕೆ ರಿಟೊರ್ನೆಲ್ಲೊ ಎಂಬ ಹೆಸರು. ಆಮೇಲೆ ಮೇಳ ಹಿಂದೆ ಸರಿದು ಒಂಟಿ ಪಿಟೀಲಿಗೆ ದಾರಿ ಬಿಡುತ್ತದೆ. ಪಿಟೀಲು ತನ್ನ ಚಮತ್ಕಾರ ತೋರಿಸಿದ ಮೇಲೆ ಮೇಳ ಅದೇ ಭಾಗವನ್ನು, ಕೆಲವೊಮ್ಮೆ ಅದರ ತುಣುಕನ್ನು, ಹೊತ್ತು ಮರಳುತ್ತದೆ. ಹೀಗೆ ಹಲವು ಸಲ ಹೋಗಿ ಬಂದು ಕೊನೆಗೆ ಹೊರಟ ಶ್ರುತಿಯಲ್ಲೇ ಬಂದು ನಿಲ್ಲುತ್ತದೆ. ಇಡೀ ಕೃತಿಗೆ ಸಾಮಾನ್ಯವಾಗಿ ಮೂರು ಭಾಗ: ಮೊದಲಿನದು ವೇಗ, ನಡುವಿನದು ವಿಳಂಬ, ಕೊನೆಯದು ಮತ್ತೆ ವೇಗ. ವಿವಾಲ್ಡಿ ಸುಮಾರು 500 ಕನ್ಚೆರ್ಟೊಗಳನ್ನು ರಚಿಸಿದ. ಅವುಗಳಲ್ಲಿ 200ಕ್ಕೂ ಹೆಚ್ಚು ಒಂಟಿ ಪಿಟೀಲಿಗಾಗಿಯೇ ಬರೆದವು. 1711ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಆತನ ಸಂಪುಟದ ಕೃತಿಗಳನ್ನು ಜರ್ಮನಿಯ ಬಾಖ್ ತನ್ನ ಕೀಲಿಮಣೆ ವಾದ್ಯಕ್ಕೆ ಅಳವಡಿಸಿಕೊಂಡು ರಚನೆಯ ಗುಟ್ಟು ಕಲಿತ. 1725ರಲ್ಲಿ ಅಚ್ಚಾದ ನಾಲ್ಕು ಋತುಗಳ ಕನ್ಚೆರ್ಟೊಗಳು ಇಂದು ಲೋಕವೆಲ್ಲ ಕೇಳುವ ಸಂಗೀತ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕನ್ಚೆರ್ಟೊದಲ್ಲಿ ಮೇಳದ ಭಾಗ ಮರಳಿ ಬರುವಾಗಲೆಲ್ಲ ಆಧಾರ ಶ್ರುತಿ ಬದಲಾಗುತ್ತ ಸಾಗುತ್ತದೆ. ಹಲವು ಸ್ವರಗಳು ಏಕಕಾಲಕ್ಕೆ ಬೆಸೆದುಕೊಂಡು ಆ ಪಯಣವನ್ನು ಕಟ್ಟುತ್ತವೆ. ದೊಡ್ಡಾಟದಲ್ಲಿ ಶ್ರುತಿ ಅಲುಗುವುದಿಲ್ಲ. ಅಲ್ಲಿ ಪಯಣವನ್ನು ಕಟ್ಟುವುದು ಲಯ, ಕುಣಿತ ಮತ್ತು ಕಥೆ. ದಾರಿಗಳು ಬೇರೆ. ಆದರೆ ಒಬ್ಬನನ್ನು ಹಲವರ ಎದುರು ನಿಲ್ಲಿಸಿ, ಮರಳಿ ಬರುವ ಒಂದು ಭಾಗದಿಂದ ದೀರ್ಘ ರಚನೆಯನ್ನು ಬಿಗಿಯುವ ಬುದ್ಧಿ ಎರಡರಲ್ಲೂ ಇದೆ. ವಿವಾಲ್ಡಿಯ ವೆನಿಸ್‌ನಲ್ಲಿ ಅದು ವಾಸ್ತುಶಿಲ್ಪದಷ್ಟು ಘನವಾದ ರಚನೆ, ಹಡಗಲಿಯಲ್ಲಿ ಅದೇ ಗದ್ದಲ ಎನ್ನುವ ತೀರ್ಪನ್ನು ಯಾವ ಕಿವಿ ಕೊಟ್ಟಿತು? ಕಿವಿ ಕೊಟ್ಟ ತೀರ್ಪೇ ಅಲ್ಲ ಅದು. ಹಾಡುವವನ ಊರು, ಓದು, ಜಾತಿ ನೋಡಿ ಕೊಟ್ಟದ್ದು.

ಎರಡನೆಯ ಆರೋಪಕ್ಕೆ ಬರೋಣ: ಇದಕ್ಕೆ ಶಾಸ್ತ್ರವಿಲ್ಲ, ಬರವಣಿಗೆಯಿಲ್ಲ, ಮನಸ್ಸಿಗೆ ಬಂದಂತೆ ಹಾಡುತ್ತಾರೆ. ದೊಡ್ಡಾಟದ ಹಳೆಯ ಕೈಬರಹದ ಪ್ರತಿಗಳನ್ನು ಬಿಚ್ಚಿ ನೋಡಿದವರಿಗೆ ಈ ಆರೋಪದ ಪೊಳ್ಳುತನ ಗೊತ್ತು. ಪದಗಳ ನೆತ್ತಿಯ ಮೇಲೆ ರಾಗದ ಹೆಸರು, ತಾಳದ ಹೆಸರು ಬರೆದಿರುತ್ತದೆ. ಆದಿ, ರೂಪಕ, ಜಂಪೆ, ಏಕ. ಕಂದ, ಭಾಮಿನಿ, ದ್ವಿಪದಿ ಹೀಗೆ ಒಂದೊಂದಕ್ಕೂ ಹಾಡುವ ಕ್ರಮ ಬೇರೆ. ಉಳಿದದ್ದನ್ನು ಮಾಸ್ತರ ತಾಲೀಮಿನಲ್ಲಿ ತುಂಬಿಕೊಡುತ್ತಾನೆ. ಸುಗ್ಗಿ ಮುಗಿದ ಮೇಲೆ ಗುಡಿಯ ಮುಂದೆಯೋ ಶಾಲೆಯ ಪಡಸಾಲೆಯಲ್ಲೋ ರಾತ್ರಿ ರಾತ್ರಿ ನಡೆಯುವ ತಾಲೀಮಿನಲ್ಲಿ ಹೊಲದಿಂದ ಬಂದ ಹುಡುಗನ ಬಾಯಿಗೆ ಧಾಟಿ ಕೂರಿಸಿ, ಕಾಲಿಗೆ ಹೆಜ್ಜೆ ಕೂರಿಸಿ, ಹಿಮ್ಮೇಳಕ್ಕೆ ಜಾಗ ಬಿಡುವುದನ್ನು ಕಲಿಸುವುದು ಮನಸ್ಸಿಗೆ ಬಂದಂತೆ ಆಗುವ ಕೆಲಸವೇ?

ಬರೋಕ್ ಸಂಗೀತದ ಪ್ರತಿಯೂ ಎಲ್ಲವನ್ನೂ ಬರೆದಿಟ್ಟ ಪ್ರತಿಯಲ್ಲ. ಆಧಾರವಾದ್ಯದವರ ಮುಂದೆ ಇರುತ್ತಿದ್ದದ್ದು ಮಂದ್ರಸ್ವರಗಳ ಒಂದು ಸಾಲು, ಅದರ ಜೊತೆಗೆ ಕೆಲವು ಅಂಕಿಗಳು. ಆ ಅಂಕಿ ನೋಡಿ ಸ್ವರಗುಚ್ಛಗಳನ್ನು ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ ನುಡಿಸುವವನು ಆ ಕ್ಷಣದಲ್ಲಿ ತಾನೇ ತುಂಬಬೇಕಿತ್ತು. ವಿಳಂಬ ಭಾಗದಲ್ಲಿ ಒಂಟಿ ವಾದಕನಿಗೆ ಬರೆದುಕೊಡುತ್ತಿದ್ದದ್ದು ಹಲವು ಸಲ ಎಲುಬಿನ ಹಂದರ ಮಾತ್ರ. ಗಮಕ, ಅಲಂಕಾರ ಆತನದೇ ಜವಾಬ್ದಾರಿ. ಇದನ್ನು ಅಶಾಸ್ತ್ರೀಯ ಎಂದು ಯಾವ ಪಂಡಿತನೂ ಕರೆದಿಲ್ಲ. ವಾದಕನ ಪ್ರತಿಭೆಯ ಮೇಲಿಟ್ಟ ಭರವಸೆ ಎಂದೇ ಕರೆದಿದ್ದಾರೆ. ನಮ್ಮ ಮಾಸ್ತರನ ಕೈಬರಹದ ಮೇಲೂ ರಾಗ-ತಾಳ ಎರಡೇ ಪದ ಇವೆ, ಉಳಿದದ್ದು ಆತನ ಗಂಟಲಲ್ಲಿದೆ. ಅಲ್ಲಿನದು ಪ್ರತಿಭೆಯಾದರೆ ಇಲ್ಲಿನದು ಅಜ್ಞಾನ ಹೇಗಾದೀತು?

ಮೂರನೆಯದು, ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟ ಭ್ರಮೆ: ಆಟವೆಂದರೆ ಮುಮ್ಮೇಳ, ಹಿಮ್ಮೇಳ ಅದರ ಆಳು. ಕಿರೀಟ, ಭುಜಕೀರ್ತಿ, ಎದೆಕಟ್ಟು ಧರಿಸಿದವನ ಫೋಟೋ ಪತ್ರಿಕೆಗೆ ಬರುತ್ತದೆ. ಸನ್ಮಾನದ ಶಾಲು ಅವನ ಹೆಗಲಿಗೆ ಬೀಳುತ್ತದೆ. ದುರ್ಯೋಧನ ಒಂದು ಪ್ರವೇಶ ಮುಗಿಸಿ ಚೌಕಿಗೆ ಹೋಗಿ ಚಹಾ ಕುಡಿದು ಬರುತ್ತಾನೆ. ಮದ್ದಲೆಯವನು ರಾತ್ರಿ ಹತ್ತರಿಂದ ಬೆಳಕು ಹರಿಯುವವರೆಗೆ ಕದಲುವಂತಿಲ್ಲ. ಒಬ್ಬ ಪಾತ್ರಧಾರಿ ತನ್ನ ಪದಗಳನ್ನಷ್ಟೇ ಕಲಿತಿರುತ್ತಾನೆ. ಹಿಮ್ಮೇಳದವನು ಎಲ್ಲ ಪಾತ್ರಗಳ ಎಲ್ಲ ಪದಗಳನ್ನೂ ಕಂಠಪಾಠ ಮಾಡಿರಬೇಕು. ಮಾತು ಮರೆತ ಪಾತ್ರಧಾರಿಯನ್ನು ಎತ್ತಿ ನಿಲ್ಲಿಸುವುದು ಸಾರಥಿ. ಶ್ರುತಿ ತಪ್ಪಿದವನನ್ನು ದಾರಿಗೆ ತರುವುದು ಪೇಟಿ. ಇಡೀ ರಾತ್ರಿಯ ಭಾರ ಹೊತ್ತವರಿಗೆ ಹ್ಯಾಂಡ್‌ಬಿಲ್ಲಿನ ಕೊನೆಯ ಸಾಲು, ಹಿಮ್ಮೇಳದ ಹಾಡುಗಾರರಿಗೆ ಅದೂ ಇಲ್ಲ. ಇದು ಯಾವ ನ್ಯಾಯ?

ಜರ್ಮನಿಯ ಕ್ವಾಂಟ್ಸ್ ಎಂಬ ಕೊಳಲುವಾದಕ 1752ರಲ್ಲಿ ಕೊಳಲು ನುಡಿಸುವ ಬಗೆ ಕುರಿತು ಒಂದು ದೊಡ್ಡ ಗ್ರಂಥ ಬರೆದ. ಕೊಳಲಿನ ಪುಸ್ತಕವಾದರೂ ಅದರಲ್ಲಿ ಒಂದು ಸುದೀರ್ಘ ಅಧ್ಯಾಯವನ್ನು ಪಕ್ಕವಾದ್ಯದವರ ಕರ್ತವ್ಯಗಳಿಗೇ ಮೀಸಲಿಟ್ಟ. ಮೇಳದ ಮುಂದಾಳು ಹೇಗಿರಬೇಕು, ಮಂದ್ರವಾದ್ಯದವನು ಎಷ್ಟು ತಗ್ಗಬೇಕು, ಕೀಲಿಮಣೆಯವನು ಒಂಟಿ ವಾದಕನನ್ನು ಹೇಗೆ ಹಿಂಬಾಲಿಸಬೇಕು ಎಂಬುದೆಲ್ಲ ಅಲ್ಲಿದೆ. ಒಂಟಿ ದನಿಯ ಮೆರುಗು ಮೇಳದವರ ಸಂಯಮದಿಂದ ಬರುತ್ತದೆಂದು ಆತನಿಗೆ ತಿಳಿದಿತ್ತು. ನಮ್ಮಲ್ಲಿ ದೊಡ್ಡಾಟದ ಮೇಲೆ ಪಿಎಚ್‌ಡಿ ಪ್ರಬಂಧಗಳು ಬಂದಿವೆ, ಪ್ರಸಂಗಗಳ ಸಂಪಾದನೆಯಾಗಿದೆ, ವೇಷಭೂಷಣದ ವರ್ಣನೆಗಳಿವೆ. ಮದ್ದಲೆಯವನು ಪದಕ್ಕೂ ಯುದ್ಧಕ್ಕೂ ಕೈ ಹೇಗೆ ಬದಲಿಸುತ್ತಾನೆ, ಹಿಮ್ಮೇಳ ಪಲ್ಲವಿಯನ್ನು ಯಾವ ಹಂತದಲ್ಲಿ ಎತ್ತಿಕೊಳ್ಳುತ್ತದೆ, ಲಯ ಎಲ್ಲಿ ಏರುತ್ತದೆ ಎಂದು ಬಿಡಿಸಿ ಹೇಳುವ ಪುಟಗಳನ್ನು ಹುಡುಕಲು ಹೊರಟರೆ ಕೈ ಬರಿದಾಗಿಯೇ ಮರಳುತ್ತದೆ.

ವಿದ್ವತ್ತಿನ ಮೇಲಿನ ನನ್ನ ಆಕ್ಷೇಪ ಇದೇ. ನಮ್ಮ ಜಾನಪದ ಅಧ್ಯಯನ ಸಾಹಿತ್ಯ ವಿಭಾಗಗಳ ಮಡಿಲಲ್ಲಿ ಹುಟ್ಟಿತು, ಹಾಡನ್ನು ಪದ್ಯವೆಂದು ಓದಿತು. ಮಾತು ಅಚ್ಚಾಯಿತು, ಧಾಟಿ ಗಾಳಿಗೆ ಹೋಯಿತು. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ನೀಲಗುಂದದ ಭೀಮೇಶ್ವರ ಗುಡಿಗಳ ಕಂಬ, ಮದನಿಕೆ, ಶಾಸನಗಳ ಬಗ್ಗೆ ಬರೆದಿದ್ದೇವೆ. ಆ ಕಲ್ಲಿಗೆ ಕಾವಲು ಹಾಕಿದ್ದೇವೆ. ಅದೇ ಊರುಗಳ ಗಂಟಲಲ್ಲಿ ಉಳಿದ ಸಂಗೀತಕ್ಕೆ ಯಾವ ಕಾವಲಿದೆ? ಕಲ್ಲು ಇನ್ನೂ ಸಾವಿರ ವರ್ಷ ನಿಂತೀತು. ಎಪ್ಪತ್ತು ದಾಟಿದ ಮಾಸ್ತರ ಎಷ್ಟು ದಿನ ಕಾದಾನು?

ವಿವಾಲ್ಡಿಯ ಕಥೆಯಲ್ಲಿ ನಮಗೊಂದು ಎಚ್ಚರಿಕೆಯಿದೆ. 1741ರಲ್ಲಿ ಆತ ವಿಯೆನ್ನಾದಲ್ಲಿ ಬಡತನದಲ್ಲಿ ಸತ್ತ. ಲೋಕ ಅವನನ್ನು ಹತ್ತಿರ ಹತ್ತಿರ ಎರಡು ಶತಮಾನ ಮರೆತಿತ್ತು. 1926ರಲ್ಲಿ ಇಟಲಿಯ ಪೀಡ್‌ಮಾಂಟ್ ಪ್ರಾಂತದ ಕ್ರೈಸ್ತ ಸಂನ್ಯಾಸಿಗಳ ಶಾಲೆಯೊಂದು ತನ್ನ ಹಳೆಯ ಪುಸ್ತಕಗಳನ್ನು ಮಾರಲು ಹೊರಟಾಗ ಆತನ ಹಸ್ತಪ್ರತಿಗಳ ದೊಡ್ಡ ರಾಶಿ ಬೆಳಕಿಗೆ ಬಂತು. ಅವು ಇಂದು ಟುರಿನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಸ್ವರ ಬರೆದಿಟ್ಟಿದ್ದರಿಂದ ಮರೆತ ಸಂಗೀತ ಎದ್ದು ಬಂತು. ನಮ್ಮ ಮಾಸ್ತರರು ಬಿಟ್ಟುಹೋದ ಕೈಬರಹಗಳಲ್ಲಿ ಸ್ವರವಿಲ್ಲ. ಇನ್ನೂರು ವರ್ಷದ ಮಾತಿರಲಿ, ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ಅವನ್ನು ಬಿಚ್ಚಿದರೆ ರಾಗದ ಹೆಸರು ಕಾಣುತ್ತದೆ, ಹಾಡು ಕೇಳಿಸುವುದಿಲ್ಲ.

ನಾಲ್ಕನೆಯದಾಗಿ, ಕೀಬೋರ್ಡ್ ಸಾಕು, ಟ್ರ್ಯಾಕ್ ಸಾಕು ಎನ್ನುವವರು. ಹಿಮ್ಮೇಳಕ್ಕೆ ಐದಾರು ಜನ ಬೇಕು, ಖರ್ಚು ಹೆಚ್ಚು, ಒಂದು ಕೀಬೋರ್ಡು ಒಂದು ರಿದಮ್ ಪ್ಯಾಡು ತಂದರೆ ಜನರಿಗೂ ಖುಷಿ ಎಂಬ ಲೆಕ್ಕಾಚಾರ ಊರೂರಿಗೆ ಹಬ್ಬಿದೆ. ಹೊಸ ವಾದ್ಯದ ಮೇಲೆ ನನಗೆ ಸಿಟ್ಟಿಲ್ಲ. ಹಾರ್ಮೋನಿಯಂ ಕೂಡ ಯುರೋಪಿನಲ್ಲಿ ಹುಟ್ಟಿ ಬಂದದ್ದೇ. 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಅದನ್ನು ಹೊರಗಿಟ್ಟಾಗಲೂ ನಮ್ಮ ಪೇಟಿ ಮಾಸ್ತರರು ಅದನ್ನು ಬಿಡಲಿಲ್ಲ. ಪಿಟೀಲು ಕೂಡ ಹೊರಗಿನಿಂದ ಬಂದದ್ದು. ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ವಾದ್ಯ ಯಾವುದಾದರೇನು, ಕೂತು ನುಡಿಸುವ ಮನುಷ್ಯ ಎದುರಿನವನ ಉಸಿರು ಕೇಳುತ್ತಿರಬೇಕು. ರೆಕಾರ್ಡ್ ಮಾಡಿದ ಟ್ರ್ಯಾಕ್ ಕೇಳಿಸಿಕೊಳ್ಳುವುದಿಲ್ಲ. ಅದು ಪಾತ್ರಧಾರಿಗಾಗಿ ಕಾಯುವುದಿಲ್ಲ, ಆತ ಉತ್ಸಾಹದಲ್ಲಿ ಇನ್ನೊಂದು ಸುತ್ತು ಕುಣಿದರೆ ಜೊತೆ ಕೊಡುವುದಿಲ್ಲ. ಆಗ ಪಾತ್ರಧಾರಿ ಯಂತ್ರದ ಹಿಂದೆ ಓಡುತ್ತಾನೆ. ಒಬ್ಬ ಮತ್ತು ಹಲವರ ನಡುವಿನ ಸಂವಾದವೇ ಈ ಕಲೆಯ ಜೀವವಾಗಿರುವಾಗ, ಹಲವರನ್ನು ಮನೆಗೆ ಕಳಿಸಿ ಉಳಿಸಿಕೊಂಡದ್ದು ಏನನ್ನು?

ಐದನೆಯದು ಸರ್ಕಾರದ ಉತ್ಸವ ಸಂಸ್ಕೃತಿ. ರಾತ್ರಿಯಿಡೀ ಬೆಳೆಯುವ ಆಟವನ್ನು ವೇದಿಕೆಯ ಮೇಲೆ ಕೆಲವೇ ನಿಮಿಷಕ್ಕೆ ಕತ್ತರಿಸಿ, ಇಲ್ಲವೇ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ, ಕಲೆಗೆ ಪ್ರೋತ್ಸಾಹ ಕೊಟ್ಟೆವೆಂದು ವರದಿ ಬರೆಯುವುದು ರೂಢಿಯಾಗಿದೆ. ಪಲ್ಲವಿ ಮರಳಿ ಮರಳಿ ಬಂದು ಮನಸ್ಸಿನಲ್ಲಿ ಕೂರಲು ಹೊತ್ತು ಬೇಕು. ಆ ಹೊತ್ತನ್ನೇ ಕಿತ್ತುಕೊಂಡ ಮೇಲೆ ಪ್ರೇಕ್ಷಕನಿಗೆ ಕಾಣುವುದು ಬಣ್ಣ, ಕೇಳುವುದು ಸದ್ದು. ಆಮೇಲೆ ಅದನ್ನೇ ತೋರಿಸಿ, ನೋಡಿ ಇದರಲ್ಲಿ ಸಂಗೀತವೇ ಇಲ್ಲ ಎನ್ನುತ್ತಾರೆ. ಗದ್ದಲ ಮಾಡಿದ್ದು ಯಾರು, ಹಿಮ್ಮೇಳವೋ ಆ ಕಾರ್ಯಕ್ರಮ ಪಟ್ಟಿಯೋ?

ಕೊನೆಯದಾಗಿ, ಯಾರೂ ಬಾಯಿಬಿಟ್ಟು ಹೇಳದ, ಎಲ್ಲದರ ಬೇರಿನಲ್ಲಿರುವ ಮಾತು. ಈ ಸೀಮೆಯಲ್ಲಿ ಬಾರಿಸುವ, ಊದುವ, ರಾತ್ರಿಯೆಲ್ಲ ಹಾಡುವ ಕೆಲಸ ಬಹುಮಟ್ಟಿಗೆ ಉಳಿದಿರುವುದು ದುಡಿಯುವ ಜಾತಿಗಳ ಕೈಯಲ್ಲಿ. ಮೈಲಾರದ ಗೊರವಯ್ಯನ ಡಮರು, ಉಚ್ಚಂಗಿದುರ್ಗದ ದಾರಿಯಲ್ಲಿ ಜೋಗತಿಯರು ನುಡಿಸುವ ಚೌಡಿಕೆ, ವೀರಭದ್ರನ ಮುಂದಿನ ಸಮಾಳ, ದೊಡ್ಡಾಟದ ಮದ್ದಲೆ, ಇವುಗಳನ್ನು ಕುರಿತ ಸಸಾರದಲ್ಲಿ ನುಡಿಸುವವರನ್ನು ಕುರಿತ ಸಸಾರ ಅಡಗಿದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದು ಸರಿ. ಆ ಕ್ರೌರ್ಯ ಮರಳಿ ಬರಬಾರದು. ಆದರೆ ಆ ಹೆಂಗಸರ ಕೊರಳಲ್ಲಿದ್ದ ವಿದ್ಯೆಯನ್ನೂ ಕಳಂಕದ ಪಟ್ಟಿಗೆ ಸೇರಿಸಿ ತಿಪ್ಪೆಗೆ ಎಸೆದದ್ದು ಎರಡನೆಯ ಕ್ರೌರ್ಯ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಬೀದಿಯ ಅವಮಾನಗಳನ್ನು ದಾಟಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾಡು ಚಪ್ಪಾಳೆ ತಟ್ಟಿತು. ಆ ಚೌಡಿಕೆಯ ನಡೆಗಳನ್ನು ಯಾವ ಸಂಗೀತ ಶಾಲೆ ತನ್ನ ಪಾಠಕ್ಕೆ ಸೇರಿಸಿತು?

ವಿವಾಲ್ಡಿ ತನ್ನ ಎಷ್ಟೋ ಕನ್ಚೆರ್ಟೊಗಳನ್ನು ಬರೆದದ್ದು ಯಾರಿಗಾಗಿ ಎಂಬುದನ್ನೂ ಇಲ್ಲಿ ನೆನೆಯಬೇಕು. ವೆನಿಸ್‌ನ ಪಿಯೆತಾ ಎಂಬ ಅನಾಥಾಲಯದಲ್ಲಿ ತಂದೆತಾಯಿ ತೊರೆದ ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. 1703ರಲ್ಲಿ ವಿವಾಲ್ಡಿ ಅಲ್ಲಿ ಪಿಟೀಲು ಕಲಿಸಲು ಸೇರಿದ. ಸಮಾಜ ಹೊರಗಿಟ್ಟ ಆ ಹುಡುಗಿಯರು ಕಬ್ಬಿಣದ ಜಾಲರಿಯ ಹಿಂದೆ ನಿಂತು ನುಡಿಸಿದ ಸಂಗೀತ ಕೇಳಲು ಯುರೋಪಿನ ಮೂಲೆಮೂಲೆಯಿಂದ ಜನ ಬಂದರು. ನಮ್ಮ ಪಕ್ಕದ ಗದಗಿನಲ್ಲಿ, ತುಂಗಭದ್ರೆ ದಾಟಿದರೆ ಸಿಗುವ ಊರಿನಲ್ಲಿ, ಇದಕ್ಕೆ ಸರಿಸಾಟಿಯಾದ ಕೆಲಸ ನಡೆದಿದೆ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೆ, ಅನಾಥರಿಗೆ ಅನ್ನ ಕೊಟ್ಟು ಹಾಡು ಕಲಿಸಿದರು. ಲೋಕ ಕೈಬಿಟ್ಟ ಮಕ್ಕಳು ಗವಾಯಿಗಳಾಗಿ, ತಬಲಾ, ಹಾರ್ಮೋನಿಯಂ ಮಾಸ್ತರರಾಗಿ ನಾಡಿನ ತುಂಬ ಹರಡಿದರು. ಶ್ರದ್ಧೆಯಿಂದ ಕಲಿಸುವ ಒಂದು ಜಾಗ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ದೊಡ್ಡಾಟದ ಹಿಮ್ಮೇಳಕ್ಕೆ ಈ ಐದು ತಾಲ್ಲೂಕುಗಳಲ್ಲಿ ಅಂಥ ಒಂದು ಜಾಗವಿಲ್ಲದಿರುವುದು ಕಲೆಯ ಕೊರತೆಯಲ್ಲ, ನಮ್ಮ ಕೊರತೆ.

ಆದ್ದರಿಂದ ಬೇಡಿಕೆಗಳನ್ನು ಬಿಡಿಸಿ ಹೇಳುತ್ತೇನೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವಿದೆ, ಜಾನಪದ ವಿಭಾಗವಿದೆ. ಇವೆರಡೂ ಒಟ್ಟಿಗೆ ಕೂತು ದೊಡ್ಡಾಟದ ಹಿಮ್ಮೇಳವನ್ನು ಸಂಗೀತವೆಂದೇ ಅಧ್ಯಯನ ಮಾಡಲಿ, ಪದಗಳಿಗೆ ಸ್ವರಲಿಪಿ ಹಾಕಲಿ. ಯಕ್ಷಗಾನದಿಂದ ಬೇರೆಯಾಗಿ ಬಾಗಲಕೋಟೆಯಲ್ಲಿ ನೆಲೆಯಾದ ಬಯಲಾಟ ಅಕಾಡೆಮಿ ಹಿರಿಯ ಮಾಸ್ತರರು ಬದುಕಿರುವಾಗಲೇ ಇಡೀ ರಾತ್ರಿಯ ಆಟಗಳನ್ನು, ಮದ್ದಲೆ, ಪೇಟಿ, ಹಾಡುಗಾರರ ದನಿ ಬೇರೆ ಬೇರೆ ಕೇಳುವಂತೆ, ರೆಕಾರ್ಡ್ ಮಾಡಿಸಲಿ. ಹೊಸಪೇಟೆಯ ಆಕಾಶವಾಣಿ ಹಿಮ್ಮೇಳದವರನ್ನು ಹೆಸರು ಹೇಳಿ ಕೇಳಿಸಲಿ. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಹಣದಲ್ಲಿ ರಸ್ತೆ, ಭವನಗಳ ಜೊತೆಗೆ ಪ್ರತಿ ತಾಲ್ಲೂಕಿಗೆ ಒಂದು ಹಿಮ್ಮೇಳ ಶಾಲೆಯ ಪಾಲು ತೆಗೆದಿಡಲಿ. ಕಲಿಸುವ ಮಾಸ್ತರನಿಗೆ ಪದವಿ ಕೇಳದೆ ಸಂಬಳ ಕೊಡಲಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಯಾವ ಬಯಲಾಟದಲ್ಲೂ ಟ್ರ್ಯಾಕ್ ಹಾಕಕೂಡದು, ಹಿಮ್ಮೇಳದವನ ಸಂಭಾವನೆ ಮುಮ್ಮೇಳದವನಿಗಿಂತ ಒಂದು ರೂಪಾಯಿ ಕಡಿಮೆ ಇರಕೂಡದು.

ಊರ ದೈವಸ್ಥರಿಗೂ ಒಂದು ಮಾತು. ಈ ಸಲ ಜಾತ್ರೆಗೆ ಆಟ ಕೂಡಿಸುವಾಗ ಮೊದಲು ಮದ್ದಲೆಯವನಿಗೆ, ಪೇಟಿ ಮಾಸ್ತರನಿಗೆ, ಹಾಡುಗಾರರಿಗೆ ವೀಳ್ಯ ಕೊಡಿ, ಆಮೇಲೆ ಕಿರೀಟ ಹುಡುಕಿ. ಡಿಜೆಗೆ ಸುರಿಯುವ ಹಣದಲ್ಲಿ ಇಬ್ಬರು ಹುಡುಗರನ್ನು ಮಾಸ್ತರನ ಹಿಂದೆ ಕೂರಿಸಿ. ಮೇಷ್ಟ್ರುಗಳೇ, ನಿಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲ್ ಇದೆ; ಅವರನ್ನು ಅಟ್ಟದ ಪಕ್ಕಕ್ಕೆ ಕಳಿಸಿ, ಧಾಟಿ ಹಿಡಿದು ತರಲು ಹೇಳಿ. ಇನ್ನು ಮುಂದೆ ಯಾರಾದರೂ ಬಯಲಾಟದಲ್ಲಿ ಸಂಗೀತವಿಲ್ಲ ಎಂದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಕೇಳಿದ್ದೀರಾ ಎಂದು ಕೇಳಿ. ಕೇಳಿಲ್ಲವಾದರೆ ಕರೆತಂದು ಕೂರಿಸಿ. ಕೇಳಿಯೂ ಹಾಗೆನ್ನುವವರ ಕೈಯಲ್ಲಿ ನಮ್ಮ ಕಲೆಯ ತೀರ್ಪು, ನಮ್ಮ ಪ್ರಶಸ್ತಿ, ನಮ್ಮ ಪಠ್ಯ, ನಮ್ಮ ಹಣ ಇರಲು ಬಿಡಬೇಡಿ. ಹಿಮ್ಮೇಳಕ್ಕೆ ಕೊಡಬೇಕಾದ್ದು ದಾನವಲ್ಲ, ಬಾಕಿ. ಆ ಬಾಕಿಯನ್ನು ಈ ತಲೆಮಾರಿನ ಮಾಸ್ತರರು ಬದುಕಿರುವಾಗಲೇ ತೀರಿಸಬೇಕು.